ತೂಕಕ್ಕೆ ತೂಕ

ಜೂನ್ 2, ಸೋಮವಾರ

ಈ ಡೈರಿಯಲ್ಲಿ ಅಚ್ಚಾಗಿರುವ ವಾರ ಸುಳ್ಳು, ನಾನೇ ತಿದ್ದಿ ಬರೆಯುತ್ತಿದ್ದೇನೆ. ನೀರು ಬರುವುದಕ್ಕೂ ಮುಂಚಿನ ಯಾವುದೋ ವರ್ಷದ ಡೈರಿ ಇದು. ಮೂರನೇ ಮಹಡಿಯ ಕಚೇರಿಯಲ್ಲಿ ತಗಡಿನ ಡಬ್ಬಿಯೊಳಗೆ ಒಂದು ಹನಿಯೂ ತಾಗದೆ ಕೂತಿತ್ತಂತೆ, ಚಿಕ್ಕಪ್ಪ ಮುಳುಗಿ ತಂದ. ಅಜ್ಜಿ ಅದನ್ನೂ ತಕ್ಕಡಿಗೆ ಹಾಕಿ, ಅಷ್ಟೇ ತೂಕದ ಇಟ್ಟಿಗೆ ಚೂರನ್ನು ಲಿಫ್ಟಿನ ಬಾವಿಗೆ ಎಸೆದ ಮೇಲೆಯೇ ನನ್ನ ಕೈಗೆ ಕೊಟ್ಟಳು. ಬರೆಯುವುದು ನನಗೊಬ್ಬಳಿಗೇ. ಕದ್ದು ಓದುವವರ ಕಣ್ಣಲ್ಲಿ ಪಾಚಿ ಬೆಳೆಯಲಿ.

ನನಗೆ ಕಂಡರಾಗದವರು ಮೂವರು. ಅದನ್ನೇ ಮೊದಲು ಬರೆದುಬಿಡುತ್ತೇನೆ.

ಒಂದು, ನೀರು. ಹೊರಗಿನ ನೀರಲ್ಲ. ಅದು ಒಂಬತ್ತನೇ ಮಹಡಿಯ ಕಿಟಕಿಯ ಕೆಳಗೆ ತನ್ನ ಪಾಡಿಗೆ ತಾನು ನಿಂತಿದೆ, ದೋಣಿಯವರು ಬಂದು ಹೋಗುವುದು ಅದರ ಮೇಲೆಯೇ. ನನಗಾಗದ್ದು ಕಟ್ಟಡದೊಳಗಿನ ನೀರು. ಕೆಳಗಿನ ಮಹಡಿಗಳ ಕಿಟಕಿಗಳಿಗೆಲ್ಲ ಹಿರಿಯರು ಇಟ್ಟಿಗೆ ಕಟ್ಟಿ ಮುಚ್ಚಿದರೂ ಎಲ್ಲಿಂದಲೋ ನುಸುಳಿ ಬಂದು, ಮೆಟ್ಟಿಲಲ್ಲೂ ಲಿಫ್ಟಿನ ಬಾವಿಯಲ್ಲೂ ತುಂಬಿಕೊಂಡಿದೆ. ಕೆಳಗಿನ ಕೋಣೆಗಳೆಲ್ಲ ಮುಕ್ಕಾಲು ಕೆಸರು. ಹಾಗಾಗಿ ನಮ್ಮ ನೀರು ಅಂದರೆ ಒಂದು ದೊಡ್ಡ ಬಾವಿಯಷ್ಟೇ. ಮೂರು ವರ್ಷದ ಹಿಂದೆ ಅಪ್ಪನನ್ನು ನುಂಗಿದ್ದು ಅದೇ.

ಎರಡು, ಸೆಕ್ರೆಟರಿ. ವಾಸಕ್ಕೆ ಉಳಿದಿರುವುದು ಮೂರೇ ಮಹಡಿ. ಅದಕ್ಕೊಂದು ಸಂಘ, ಆ ಸಂಘಕ್ಕೊಬ್ಬ ಸೆಕ್ರೆಟರಿ. ಅವರ ಮನೆ ಎಲ್ಲಕ್ಕಿಂತ ಮೇಲೆ, ಹನ್ನೊಂದರಲ್ಲಿ. ನಮ್ಮದು ಎಲ್ಲಕ್ಕಿಂತ ಕೆಳಗೆ, ಒಂಬತ್ತರಲ್ಲಿ. ಇಳಿದು ಬಂದಾಗಲೆಲ್ಲ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಮಾತಾಡುತ್ತಾರೆ.

ಮೂರು, ಡ್ರಮ್. ಇಪ್ಪತ್ತು ದಿನದ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂತು ತೇಲಿ ಬಂತು ಈ ಪೀಡೆ. ಏಳೋ ಎಂಟೋ ವರ್ಷ. ಹೆಸರು ಕೇಳಿದರೆ ಹೇಳಲಿಲ್ಲ, ಅದಕ್ಕೆ ನಾನೇ ಡ್ರಮ್ ಅಂತ ಇಟ್ಟೆ. ಅಜ್ಜಿ ಕೊಕ್ಕೆ ಹಾಕಿ ಕಿಟಕಿಯಿಂದ ಎಳೆದುಕೊಂಡಳು. ಎಳೆದುಕೊಂಡದ್ದಷ್ಟೇ ಅಲ್ಲ, ನನ್ನ ಹಾಸಿಗೆಯಲ್ಲೇ ಮಲಗಿಸಿದಳು, ಅಪ್ಪನ ಕಂಬಳಿಯನ್ನು ಅವಳಿಗೆ ಹೊದಿಸಿದಳು. ನಾನು ಒಂದು ವಾರ ಅಜ್ಜಿಯ ಹತ್ತಿರ ಮಾತು ಬಿಟ್ಟೆ. ಅಜ್ಜಿಗೆ ಅದು ಗೊತ್ತೇ ಆಗಲಿಲ್ಲ.

ಡ್ರಮ್ ಬಂದ ಮೇಲೆ ನೀರು ನಾಲ್ಕು ಮೆಟ್ಟಿಲು ಏರಿದೆ. ನಮ್ಮ ಬಾಗಿಲಿಗೆ ಇನ್ನು ಹನ್ನೆರಡು ಬಾಕಿ. ಇಂದು ಸೆಕ್ರೆಟರಿ ಮೇಲಿನಿಂದ ಮೂರನೇ ಮೆಟ್ಟಿಲಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿದರು. ನೀರು ಆ ಗೆರೆ ಮುಟ್ಟಿದ ದಿನ ಡ್ರಮ್ಮನ್ನು ಅವಳ ಡ್ರಮ್ಮಿಗೇ ಹಾಕಿ ಕಿಟಕಿಯಿಂದ ಬಿಡುವುದು ಅಂತ ಸಂಘದ ತೀರ್ಮಾನ. ಅಜ್ಜಿ ಒಬ್ಬಳೇ ಬೇಡ ಅಂದಳು. ಮಕ್ಕಳಿಗೆ ಕೈ ಎತ್ತುವ ಹಕ್ಕಿಲ್ಲ. ಇದ್ದಿದ್ದರೆ ನಾನು ಎರಡೂ ಕೈ ಎತ್ತುತ್ತಿದ್ದೆ.

ಜೂನ್ 4, ಬುಧವಾರ

ಇಂದು ಮೈಯೆಲ್ಲ ಉರಿಯುತ್ತಿದೆ.

ನಮ್ಮ ಕಟ್ಟಡದ ನಿಯಮ ಒಂದೇ: ತೂಕಕ್ಕೆ ತೂಕ. ಕೆಳಗಿನಿಂದ ಏನು ತಂದರೂ ಅಷ್ಟೇ ತೂಕದ ಕಲ್ಲನ್ನು ನೀರಿಗೆ ವಾಪಸ್ ಕೊಡಬೇಕು, ಇಲ್ಲದಿದ್ದರೆ ನೀರು ಸಿಟ್ಟಾಗಿ ಮೇಲೆ ಬರುತ್ತದೆ. ಹತ್ತೊಂಬತ್ತು ವರ್ಷದಿಂದ ತೂಗುವವಳು ನನ್ನಜ್ಜಿ. ಮೂರೂ ಮಹಡಿಯ ಮಕ್ಕಳು ಅವಳನ್ನು ತಕ್ಕಡಿ ಅಜ್ಜಿ ಅಂತಲೇ ಕರೆಯುವುದು. ನಮ್ಮ ನಡುಮನೆಯ ಮಾಡಿನ ಕೊಕ್ಕೆಗೆ ಆ ದೊಡ್ಡ ತಕ್ಕಡಿ ತೂಗುಬಿದ್ದಿದೆ, ಒಂದೊಂದು ತಟ್ಟೆಯಲ್ಲಿ ನಾನು ಕಾಲು ಚಾಚಿ ಮಲಗಬಹುದು. ಅಜ್ಜಿ ಒಂದು ಗುಂಜಿಯಷ್ಟೂ ಮೋಸ ಮಾಡಿದವಳಲ್ಲ. ಹೋದ ವರ್ಷವಿಡೀ ಚಿಕ್ಕಪ್ಪ ಕೆಳಗಿನಿಂದ ಮರದ ಬೀರು, ಬಾಗಿಲು, ಮೇಜು ತಂದ. ಅಜ್ಜಿ ತೂಗಿ ಕಲ್ಲು ಕೊಟ್ಟಳು. ಆಗ ನೀರು ಐದು ಮೆಟ್ಟಿಲು ಇಳಿದಿತ್ತು. ತಕ್ಕಡಿ ಅಜ್ಜಿಗೆ ನೀರೂ ಹೆದರುತ್ತದೆ ಅಂತ ಎಲ್ಲರೂ ಅಂದರು. ನಾನು ಒಂದು ತಿಂಗಳು ತಲೆ ಎತ್ತಿಕೊಂಡು ಓಡಾಡಿದೆ.

ಈಗ ಚಿಕ್ಕಪ್ಪನಿಗೆ ನೆಲಮಹಡಿಯ ಹಾರ್ಡ್‌ವೇರ್ ಅಂಗಡಿ ಸಿಕ್ಕಿದೆ. ದಿನಾ ಸರಪಳಿ, ಬೀಗ, ಮೊಳೆ, ಕಬ್ಬಿಣದ ಸರಳು. ದೋಣಿಯವರಿಗೆ ಅದನ್ನು ಕಂಡರೆ ಪ್ರಾಣ, ಬದಲಿಗೆ ಕಾಳು, ಬೆಂಕಿಪೊಟ್ಟಣ ಕೊಡುತ್ತಾರೆ. ಎಲ್ಲವನ್ನೂ ಅಜ್ಜಿ ತೂಗಿಯೇ ಕಲ್ಲು ಹಾಕಿಸುತ್ತಿದ್ದಾಳೆ. ಆದರೂ ನೀರು ಏರುತ್ತಿದೆ.

ಬೆಳಗ್ಗೆ ಸೆಕ್ರೆಟರಿ ಬಂದು, ತಕ್ಕಡಿಯಲ್ಲಿ ತಪ್ಪಿಲ್ಲ ಅನ್ನುವುದಾದರೆ ಈ ಕಟ್ಟಡಕ್ಕೆ ತೂಗದೆ ಬಂದದ್ದು ಒಂದೇ ಒಂದು, ಆ ಹುಡುಗಿ, ಅಂದರು. ಅಜ್ಜಿಯ ಮುಖ ಕೆಂಪಾಯಿತು. ತೂಗಿದರಾಯಿತಲ್ಲ ಅಂತ ಡ್ರಮ್ಮನ್ನು ಎತ್ತಿ ತಟ್ಟೆಯಲ್ಲಿ ಕೂರಿಸಿಯೇಬಿಟ್ಟಳು. ಆ ಪೀಡೆಗೆ ಜೋಕಾಲಿ ಸಿಕ್ಕಷ್ಟು ಸಂತೋಷ.

ಆದರೆ ಅವಳ ತೂಕಕ್ಕೆ ಕಲ್ಲು ಎಲ್ಲಿಂದ ತರುವುದು? ತಾರಸಿಯ ಕಟ್ಟೆ ಒಡೆದು ಮುಗಿದಿದೆ. ಹತ್ತನೇ ಮಹಡಿಯ ಒಳಗೋಡೆಗಳೂ ಮುಗಿದಿವೆ. ಅಜ್ಜಿ ನನ್ನ ಹಾಸಿಗೆಯ ಪಕ್ಕದ ಗೋಡೆ ತೋರಿಸಿದಳು. ಆರು ವರ್ಷದಿಂದ ನಾನು ನನ್ನ ಎತ್ತರಕ್ಕೆ ಗೀಟು ಹಾಕಿಕೊಂಡು ಬಂದ ಗೋಡೆ. ಮೊದಲ ಮೂರು ಗೀಟು ಅಪ್ಪ ಹಾಕಿದ್ದು. ಚಿಕ್ಕಪ್ಪ ಸುತ್ತಿಗೆ ಹಿಡಿದು ನನ್ನ ಮುಖ ನೋಡದೆ ಒಡೆದ. ಅದೆಲ್ಲ ಈಗ ಲಿಫ್ಟಿನ ಬಾವಿಯಲ್ಲಿದೆ.

ನನಗೆ ಅವಳು ಬೇಡ. ಬೇಡವೇ ಬೇಡ.

ಜೂನ್ 5, ಗುರುವಾರ

ನೀರು ಒಂದು ಮೆಟ್ಟಿಲು ಏರಿದೆ. ಹನ್ನೊಂದು. ಡ್ರಮ್ ನನ್ನ ಬಾಚಣಿಗೆ ಮುಟ್ಟಿದಳು, ಬಾರಿಸಿದೆ. ಅಳಲಿಲ್ಲ. ಅಕ್ಕ ಅಂತ ಕರೆದಳು. ನಾನು ನಿನ್ನ ಅಕ್ಕ ಅಲ್ಲ ಅಂತ ಇನ್ನೊಂದು ಬಾರಿಸಿದೆ.

ಜೂನ್ 9, ಸೋಮವಾರ

ಎಂಟು.

ಮಧ್ಯಾಹ್ನ ಅಡುಗೆಮನೆಗೆ ಹೋದರೆ ಡ್ರಮ್ ತೊಟ್ಟಿಯ ಮೇಲೆ ಹತ್ತಿ ಕೂತು ನಲ್ಲಿಗೆ ಕಿವಿ ಕೊಟ್ಟಿದ್ದಾಳೆ. ನಲ್ಲಿಯ ಬಾಯಿಗೆ ತುರುಕಿದ್ದ ಮೇಣದ ಬಟ್ಟೆ ಅವಳ ಕೈಯಲ್ಲಿದೆ.

ನಮ್ಮ ಕಟ್ಟಡದಲ್ಲಿ ಒಂದು ನಲ್ಲಿಯನ್ನೂ ತೆರೆದಿಡುವ ಹಾಗಿಲ್ಲ. ನೀರು ಅದರಲ್ಲಿ ಮಾತಾಡುತ್ತದೆ. ಕೊಳಾಯಿಯೊಳಗಿಂದ ಗುಳುಗುಳು ಅಂತ ಬೈಗುಳ ಬರುತ್ತದೆ, ಕೇಳಿದ ಮಕ್ಕಳ ಬಾಯಿ ಕೆಡುತ್ತದೆ ಅಂತ ನಾನು ಹುಟ್ಟುವ ಮುಂಚೆಯೇ ಎಲ್ಲ ಮನೆಗಳಲ್ಲೂ ಬಟ್ಟೆ ತುರುಕಿದ್ದಾರೆ. ಅವಳನ್ನು ಕೆಳಗೆ ಎಳೆದು ಹಾಕಿದೆ. ಅವರೂರಲ್ಲಿ ಎಲ್ಲರೂ ನೀರಿನ ಜೊತೆ ಮಾತಾಡುತ್ತಿದ್ದರಂತೆ. ಹಾಗಾದರೆ ನಿಮ್ಮೂರು ಈಗ ಎಲ್ಲಿದೆ ಅಂತ ಕೇಳಿದೆ. ಕೇಳಬೇಕು ಅಂತಲೇ ಕೇಳಿದೆ. ಅವಳು ಬಟ್ಟೆಯನ್ನು ನಲ್ಲಿಗೆ ವಾಪಸ್ ತುರುಕಿದಳು.

ಅಜ್ಜಿಗೆ ಚಾಡಿ ಹೇಳಬೇಕು ಅಂತ ನಡುಮನೆವರೆಗೆ ಹೋದೆ. ಯಾಕೋ ಹೇಳಲಿಲ್ಲ. ನಾಳೆ ಹೇಳುತ್ತೇನೆ.

ಜೂನ್ 10, ಮಂಗಳವಾರ

ಹೇಳಲಿಲ್ಲ. ಯಾಕೆಂದರೆ ನಾನೂ ಕಿವಿ ಕೊಟ್ಟೆ.

ಅವಳು ಸುಳ್ಳಿ ಅಂತ ಸಾಬೀತು ಮಾಡಬೇಕಿತ್ತು, ಅದಕ್ಕೆ. ಅಜ್ಜಿ ಮೇಲೆ ಹೋದ ಹೊತ್ತು ನೋಡಿ ಬಟ್ಟೆ ತೆಗೆದೆವು. ಮೊದಲು ಕೆಮ್ಮಿದ ಹಾಗೆ ಶಬ್ದ ಬಂತು. ಆಮೇಲೆ ಸ್ಪಷ್ಟವಾಗಿ, ನೆರೆಮನೆಯ ಜಗಳಗಂಟಿ ಮುದುಕಿಯ ಧ್ವನಿಯಲ್ಲಿ:

"ಯಾರದು? ಮತ್ತೆ ತಲೆ ತಿನ್ನೋಕೆ ಬಂದ್ರಾ? ಮೈಮೇಲೆ ಕಲ್ಲು ಹಾಕ್ತೀರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಡ್ರಮ್ ಮಾತ್ರ ಹಳೆಯ ಪರಿಚಯದವಳ ಹಾಗೆ, ನಿನಗೆ ಏನು ಕಷ್ಟ ಅಂತ ಕೇಳಿದಳು. ಜಾಗ ಇಲ್ಲ, ಜಾಗ ಇಲ್ಲ, ಸರಿದುಕೊಳ್ಳಿ ಅಂತ ನೀರು ಗೊಣಗಿತು. ನಾನು ಸುಮ್ಮನಿರಬೇಕಿತ್ತು. ಅಪ್ಪನನ್ನು ಯಾಕೆ ತಿಂದೆ ಅಂತ ಕೇಳಿಬಿಟ್ಟೆ. ಅದಕ್ಕೆ ನೀರು ಎಂಥ ಬೈಗುಳ ಬೈಯಿತೆಂದರೆ ಅದನ್ನು ಇಲ್ಲಿ ಬರೆದರೆ ಡೈರಿಯೇ ಕೊಳೆಯುತ್ತದೆ. ಬಟ್ಟೆ ತುರುಕಿಬಿಟ್ಟೆ.

ನಾನೂ ಅದಕ್ಕೆ ಎರಡು ಬೈದೆ. ಸ್ವಲ್ಪ ಸಮಾಧಾನವಾಯಿತು.

ಜೂನ್ 14, ಶನಿವಾರ

ಆರು.

ಇಂದು ಆದದ್ದನ್ನು ಸರಿಯಾಗಿ ಬರೆಯಬೇಕು. ಬೆಳಗ್ಗೆ ಅಂಚಿನವರೆಗೆ ತುಂಬಿದ ಬಕೆಟ್ಟಿನ ಮುಂದೆ ಬಟ್ಟೆ ಒಗೆಯಲು ಕೂತಿದ್ದೆ. ಡ್ರಮ್ ಅಜ್ಜಿಯ ತಕ್ಕಡಿ ಮೂಲೆಯಿಂದ ಒಂದು ದಪ್ಪ ಬೀಗವನ್ನೂ, ಆ ಬೀಗಕ್ಕೆ ಸರಿತೂಕ ಅಂತ ಅಜ್ಜಿ ಆರಿಸಿಟ್ಟಿದ್ದ ಗೋಡೆ ಚೂರನ್ನೂ ಹಿಡಿದುಕೊಂಡು ಬಂದಳು. ಬೀಗವನ್ನು ಬಕೆಟ್ಟಿಗೆ ಪುಳಕ್ಕನೆ ಹಾಕಿದಳು. ಸ್ವಲ್ಪ ನೀರು ಚೆಲ್ಲಿತು. ತೆಗೆದಳು, ಮತ್ತೆ ಅಂಚಿನವರೆಗೆ ತುಂಬಿಸಿದಳು, ಗೋಡೆ ಚೂರನ್ನು ಹಾಕಿದಳು. ನನ್ನ ಲಂಗವೆಲ್ಲ ನೆನೆಯಿತು. ಬೈಯಲು ಬಾಯಿ ತೆರೆದವಳು ಹಾಗೇ ಕೂತೆ.

ನಾನೇ ಮತ್ತೆ ಮಾಡಿ ನೋಡಿದೆ. ಕೆಳಗೆ ತಟ್ಟೆ ಇಟ್ಟು, ಚೆಲ್ಲಿದ್ದನ್ನು ಲೋಟಕ್ಕೆ ಹೊಯ್ದು ನೋಡಿದೆ. ಬೀಗಕ್ಕೆ ಕಾಲು ಲೋಟವೂ ಇಲ್ಲ. ಗೋಡೆ ಚೂರಿಗೆ ಲೋಟ ತುಂಬಿತು. ಎರಡೂ ಒಂದೇ ತೂಕ! ಆಮೇಲೆ ನೆನೆದ ಮರದ ತುಂಡು ತಂದು, ಅದರ ಸರಿತೂಕದ ಕಲ್ಲು ತಂದು ನೋಡಿದೆ. ಅಲ್ಲಿ ಉಲ್ಟಾ, ಮರ ದೊಡ್ಡದು, ಕಲ್ಲು ಪುಟ್ಟದು.

ಹಾಗಾದರೆ ಹೋದ ವರ್ಷ ನೀರು ಇಳಿದದ್ದು ಹೆದರಿ ಅಲ್ಲ. ದೊಡ್ಡ ದೊಡ್ಡ ಬೀರು ತೆಗೆದು ಚಿಕ್ಕ ಚಿಕ್ಕ ಕಲ್ಲು ಹಾಕಿದೆವು, ನೀರಿಗೆ ಜಾಗ ಸಿಕ್ಕಿತು. ಈಗ ಒಂದು ಬುಟ್ಟಿ ಕಬ್ಬಿಣ ತೆಗೆದು ನಾಲ್ಕು ಬುಟ್ಟಿ ಗೋಡೆ ಸುರಿಯುತ್ತಿದ್ದೇವೆ. ನೀರು ಸಿಟ್ಟಿನಿಂದ ಏರುತ್ತಿಲ್ಲ. ನಾವೇ ಅದನ್ನು ಮೇಲೆ ತಳ್ಳುತ್ತಿದ್ದೇವೆ. ಮೊನ್ನೆಯಿಂದ ಅದು ಜಾಗ ಜಾಗ ಅಂತ ಬಡಕೊಳ್ಳುತ್ತಿದ್ದದ್ದು ಇದಕ್ಕೇ.

ಖುಷಿಗೆ ಓಡಿಹೋಗಿ ಅಜ್ಜಿಗೆ ಹೇಳಿದೆ. ಬಕೆಟ್, ಬೀಗ, ಲೋಟ ಎಲ್ಲ ಹೇಳಿದೆ. ಅಜ್ಜಿ ತೂಗುವುದನ್ನು ನಿಲ್ಲಿಸಲಿಲ್ಲ. ಮಕ್ಕಳಾಟ ಅಂದಳು. ನಾನು ಬಿಡಲಿಲ್ಲ, ನಿನ್ನ ನಿಯಮವೇ ತಪ್ಪು ಅಜ್ಜಿ ಅಂದೆ. ಆಗ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹಾಗಾದ್ರೆ ನಿಮ್ಮಪ್ಪ ಯಾತಕ್ಕೆ ಹೋದ?"

ಅಪ್ಪನ ಕಾಲದಲ್ಲಿ ಕಲ್ಲನ್ನು ಬಾವಿಗೆ ಎಸೆಯುತ್ತಿರಲಿಲ್ಲ. ಮುಳುಗುವವನೇ ಚೀಲದಲ್ಲಿ ಕಲ್ಲು ತುಂಬಿಕೊಂಡು ಹೋಗಿ, ವಸ್ತು ಇದ್ದ ಜಾಗದಲ್ಲೇ ಇಟ್ಟು ಬರಬೇಕಿತ್ತು. ಸೊಂಟಕ್ಕೆ ಆ ಚೀಲ ಕಟ್ಟುತ್ತಿದ್ದವಳು ಅಜ್ಜಿಯೇ, ಅಪ್ಪನ ಅಮ್ಮ. ಅಪ್ಪ ಹಾಗೆ ಹೋದವನು ಮೇಲೆ ಬರಲಿಲ್ಲ. ಚಿಕ್ಕಪ್ಪ ಹಗ್ಗ ಕತ್ತರಿಸಿ ಅವನನ್ನು ತಂದ, ಚೀಲ ಅಲ್ಲೇ ಉಳಿಯಿತು. ಆಮೇಲೆಯೇ ಲಿಫ್ಟಿನ ಬಾವಿಗೆ ಎಸೆಯುವ ಪದ್ಧತಿ ಬಂದದ್ದು.

ನಾನು ಯಾಕಾದರೂ ಬಾಯಿ ತೆರೆದೆನೋ.

ಜೂನ್ 15, ಭಾನುವಾರ

ಅಜ್ಜಿ ಎಂದಿನ ಹಾಗೆ ತೂಗಿದಳು. ಎಂದಿನ ಹಾಗೆ ಕಲ್ಲು ಬಿತ್ತು. ಐದು.

ಜೂನ್ 17, ಮಂಗಳವಾರ

ನಾಲ್ಕು. ಕೆಂಪು ಗೆರೆಗೆ ಇನ್ನೊಂದೇ.

ನಮ್ಮ ಮಾತನ್ನು ನಂಬಿದವನು ಚಿಕ್ಕಪ್ಪ ಒಬ್ಬನೇ. ಪೂರ್ತಿ ನಂಬಲಿಲ್ಲ. ಅವನು ಮೆಟ್ಟಿಲಿನ ದಾರಿಯಲ್ಲಿ ಮುಳುಗುವವನು, ಲಿಫ್ಟಿನ ಬಾವಿಯೊಳಗೆ ಮೂರು ವರ್ಷದಿಂದ ಯಾರೂ ಇಣುಕಿ ನೋಡಿಲ್ಲ. ಅಲ್ಲಿ ಕಲ್ಲು ಎಷ್ಟು ತುಂಬಿದೆಯೋ ನೋಡಿದರೆ ಗೊತ್ತಾಗುತ್ತದೆ, ಆದರೆ ಬಾವಿ ಕಿರಿದು, ಸಲಕರಣೆ ಕಟ್ಟಿಕೊಂಡು ತಾನು ಹಿಡಿಸುವುದಿಲ್ಲ ಅಂದ. ನಾನು ಹಿಡಿಸುತ್ತೇನೆ ಅಂದೆ. ಡ್ರಮ್, ನಾನೂ ಅಂದಳು. ನೀರು ಮಾತಾಡಿದರೆ ಸಮಾಧಾನ ಮಾಡಲು ಅವಳು ಬೇಕಿತ್ತು, ಇಲ್ಲದಿದ್ದರೆ ನಾನು ಕರೆದುಕೊಂಡು ಹೋಗುತ್ತಿರಲಿಲ್ಲ.

ಚಿಕ್ಕಪ್ಪ ಅವಳು ಬಂದ ನೀಲಿ ಡ್ರಮ್ಮನ್ನೇ ಬೋರಲು ಹಾಕಿ, ಅಂಚಿಗೆ ಸುತ್ತಲೂ ಸರಪಳಿಯ ಭಾರ ಕಟ್ಟಿ, ಲಿಫ್ಟಿನ ಹಳೆಯ ಚಕ್ರಕ್ಕೆ ಹಗ್ಗ ಹಾಕಿದ. ಡ್ರಮ್ಮಿನೊಳಗೆ ಗಾಳಿ ಹಾಗೇ ನಿಲ್ಲುತ್ತದೆ, ತಲೆ ಅದರೊಳಗಿಟ್ಟುಕೊಂಡು ಒಂದು ಅಡ್ಡ ಸರಳಿನ ಮೇಲೆ ಕೂತರೆ ಆಯಿತು. ಅಜ್ಜಿ ಮಧ್ಯಾಹ್ನ ಸಂಘದ ಸಭೆಗೆ ಹೋಗಿದ್ದಳು. ನಿಮ್ಮಜ್ಜಿಗೆ ಗೊತ್ತಾದರೆ ಕಲ್ಲು ಕಟ್ಟದೆಯೇ ನನ್ನನ್ನು ಮುಳುಗಿಸುತ್ತಾಳೆ ಅಂತ ಚಿಕ್ಕಪ್ಪ ಗೊಣಗುತ್ತಲೇ ಇದ್ದ.

ಇಳಿದೆವು. ಸೊಂಟದಿಂದ ಕೆಳಗೆ ಐಸಿನಂಥ ಚಳಿ. ಡ್ರಮ್ಮಿನೊಳಗೆ ನೀಲಿ ಬೆಳಕು, ಆಮೇಲೆ ಅದೂ ಮಬ್ಬಾಯಿತು. ಎಂಟು, ಏಳು ಅಂತ ಮಹಡಿ ಎಣಿಸುತ್ತಿದ್ದೆ. ಗೋಡೆಯ ಪಾಚಿಯಲ್ಲಿ ಬೆರಳುದ್ದದ ಬಿಳಿ ಮೀನುಗಳು ನಮ್ಮ ಕಾಲ್ಬೆರಳನ್ನು ರುಚಿ ನೋಡಿ, ಚೆನ್ನಾಗಿಲ್ಲ ಅಂತ ಉಗಿದು ಹೋದವು. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ.

ಆರಕ್ಕೆ ಬಂದಾಗ ಸುಮ್ಮನೆ ಕೂತಿರಲಾಗದೆ, ಅವತ್ತು ಇದರಲ್ಲಿ ಒಬ್ಬಳೇ ಯಾಕೆ ಬಂದೆ, ನಿಮ್ಮಮ್ಮ ಎಲ್ಲಿ ಅಂತ ಕೇಳಿದೆ.

"ಡ್ರಮ್ ಚಿಕ್ಕದಿತ್ತು, ಅಕ್ಕ. ಇಬ್ಬರು ಹಿಡಿಯಲ್ಲ ಅಂದ್ಳು ಅಮ್ಮ."

ನಾವಿಬ್ಬರೂ ಅದರೊಳಗೇ ಇದ್ದೆವು.

ಐದು ದಾಟಿದ ಕೂಡಲೇ ಡ್ರಮ್ ಧಡ್ ಅಂತ ಕೂತುಬಿಟ್ಟಿತು. ನೆಲಮಹಡಿವರೆಗೆ ಹೋಗಬೇಕಾದ ಬಾವಿ ನಾಲ್ಕರ ಹತ್ತಿರವೇ ಮುಗಿದಿತ್ತು! ಕಾಲು ಚಾಚಿದರೆ ಕಲ್ಲು. ಬರೀ ಕಲ್ಲು. ತಾರಸಿಯ ಕಟ್ಟೆ, ಹತ್ತರವರ ಗೋಡೆ, ನಮ್ಮ ಗೋಡೆ, ಎಲ್ಲ ಅಲ್ಲಿ ಗುಡ್ಡೆ ಬಿದ್ದಿತ್ತು. ನಾವು ನಮ್ಮ ಮನೆಯನ್ನೇ ಒಡೆದು ನೀರಿಗೆ ತಿನ್ನಿಸಿ, ಆ ನೀರು ಮನೆಗೆ ಬಂತು ಅಂತ ಅಳುತ್ತಿದ್ದೆವು.

ಆಗ ನೀರು ಬಂತು. ಇಲ್ಲಿ ನಲ್ಲಿ ಬೇಕಿಲ್ಲ, ಅದು ನಮ್ಮ ಕಾಲ ಸುತ್ತಲೇ ಇತ್ತು. ಸುತ್ತಿ ಹಿಂಡಿತು. ನೋಡಿದ್ರಾ, ಈಗ ಹೋಗಿ ಹೇಳಿ ಅಂದಿತು. ನನಗೆ ಧೈರ್ಯ ಎಲ್ಲಿಂದ ಬಂತೋ, ಸಿಟ್ಟಿನಿಂದಲೇ ಬಂದಿರಬೇಕು, ಅಪ್ಪನ ಮಾತು ಮತ್ತೆ ಎತ್ತಿದೆ. ಬೈಗುಳಕ್ಕೆ ಕಾದೆ. ಅದು ಬೈಯಲಿಲ್ಲ. ಕಾಲಿನ ಹಿಡಿತ ಸಡಿಲಿಸಿ ಹೇಳಿತು:

"ನಾನು ತಿನ್ನಲಿಲ್ಲ. ಚೀಲ ಬಿಚ್ಚೋ, ಬಿಚ್ಚೋ ಅಂತ ಬಡ್ಕೊಂಡೆ. ಅಮ್ಮ ಕಟ್ಟಿದ್ದು, ಇಟ್ಟೇ ಬರ್ತೀನಿ ಅಂದ."

ಚಿಕ್ಕಪ್ಪ ಮೇಲೆಳೆದ. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಕಂಬಳಿ ಅವಳೇ ಇಟ್ಟುಕೊಳ್ಳಲಿ. ನನಗೆ ಅದು ಚುಚ್ಚುತ್ತದೆ.

ಜೂನ್ 18, ಬುಧವಾರ

ಬಾವಿ ನಾಲ್ಕರವರೆಗೆ ತುಂಬಿದೆ ಅಂತ ಚಿಕ್ಕಪ್ಪ ಅಜ್ಜಿಗೆ ಹೇಳಿದ. ಯಾರು ನೋಡಿದರು ಅಂತ ಕೇಳಿದಳು. ಮಕ್ಕಳು ಅಂದ. ಅಜ್ಜಿ ಅವನಿಗೆ ಹೊಡೆದಳು. ಅಷ್ಟು ದೊಡ್ಡ ಗಂಡಸಿಗೆ, ಕೆನ್ನೆಗೆ. ಆಮೇಲೆ ತಕ್ಕಡಿಯ ಮುಂದೆ ಬೆನ್ನು ಹಾಕಿ ಕೂತವಳು ಊಟಕ್ಕೂ ಏಳಲಿಲ್ಲ.

ಅಪ್ಪನ ಮಾತನ್ನು ಚಿಕ್ಕಪ್ಪನಿಗೂ ಹೇಳಲಿಲ್ಲ.

ಜೂನ್ 19, ಗುರುವಾರ

ಬೆಳಗ್ಗೆ ನೋಡಿದಾಗ ಗೆರೆ ನೆನೆದಿತ್ತು.

ಹತ್ತು ಗಂಟೆಗೆ ಎಲ್ಲರೂ ಇಳಿದು ಬಂದರು. ಅಷ್ಟು ಜನ ನಮ್ಮ ಮನೆಯಲ್ಲಿ ಅಪ್ಪ ಹೋದ ದಿನ ಸೇರಿದ್ದೇ ಕೊನೆ. ಸೆಕ್ರೆಟರಿ ಮೂಗಿನಿಂದ ಕರವಸ್ತ್ರ ತೆಗೆದು, ತೀರ್ಮಾನ ತೀರ್ಮಾನವೇ, ಇದರಲ್ಲಿ ಯಾರಿಗೂ ದ್ವೇಷವಿಲ್ಲ ಅಂದರು. ದ್ವೇಷವಿಲ್ಲವಂತೆ. ನಾನು ದ್ವೇಷ ಮಾಡಿದವಳು, ನನಗೆ ಗೊತ್ತಿಲ್ಲವೇ ಅದು ಹೇಗಿರುತ್ತದೆ ಅಂತ? ಇವರದ್ದು ಅದಕ್ಕಿಂತ ಕಡೆ.

ನಾನು ಬಕೆಟ್ಟಿನ ವಿಷಯ ಕೂಗಿ ಹೇಳಿದೆ, ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಪ್ಪನ ಮಾತಿಗೆ, ಮುಳುಗುವವನಿಗೆ ತಲೆಯಲ್ಲಿ ನೀರು ತುಂಬಿರುತ್ತದೆ ಅಂತ ನಕ್ಕರು. ನೀಲಿ ಡ್ರಮ್ಮನ್ನು ಕಿಟಕಿಯ ಹೊರಗೆ ನೀರಿಗೆ ಇಳಿಸಿದರು. ಹತ್ತರವರ ಸೊಸೆ ಒಂದು ಬುತ್ತಿ ಗಂಟು ತಂದು ಕೊಟ್ಟಳು, ಅಳುತ್ತಿದ್ದಳು, ಆದರೂ ಕೊಟ್ಟಳು. ಚಿಕ್ಕವಳು ಏನೂ ತಕರಾರು ಮಾಡದೆ ಕಿಟಕಿ ಹತ್ತಿ ಒಳಗೆ ಕೂತಳು. ಅಭ್ಯಾಸವಾಗಿದೆಯಲ್ಲ ಅವಳಿಗೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನೂ ಹಾರಿ ಒಳಗೆ ಕೂತೆ.

ಇಳಿ, ಅದರಲ್ಲಿ ಇಬ್ಬರು ಹಿಡಿಯುವುದಿಲ್ಲ ಅಂದರು ಸೆಕ್ರೆಟರಿ.

"ಹಿಡಿತೀವಿ. ಮೊನ್ನೆ ನೋಡಿದೀವಿ," ಅಂದೆ.

ಡ್ರಮ್ ವಾಲಿ ನೀರು ಅಂಚಿಗೆ ಬಂತು. ಗುಂಪಿನಲ್ಲಿ ಗಲಾಟೆ ಶುರುವಾಯಿತು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ಧ್ವನಿ ಕೇಳಿಸಿತು. ಒಂದು ಬಕೆಟ್ ತನ್ನಿ ಅಂದಳು.

ಬಕೆಟ್ಟನ್ನು ತಕ್ಕಡಿಯ ಕೆಳಗೆ ಇಡಿಸಿದಳು. ಅಂಚಿನವರೆಗೆ ತುಂಬಿಸಿದಳು. ಎಲ್ಲರ ಮುಂದೆ ಒಂದು ಬೀಗ ತೂಗಿದಳು, ಸರಿಯಾಗಿ ಅಷ್ಟೇ ಗೋಡೆ ಚೂರು ತೂಗಿದಳು, ಮುಳ್ಳು ನಡುವೆ ನಿಲ್ಲುವವರೆಗೆ ಸಣ್ಣ ಸಣ್ಣ ಹರಳು ಸೇರಿಸಿದಳು. ಅಂಥ ಹೊತ್ತಲ್ಲೂ ಅವಳು ಅವಸರ ಮಾಡಲಿಲ್ಲ. ಬೀಗ ಮುಳುಗಿಸಿದಳು, ಚೆಲ್ಲಿದ್ದನ್ನು ಲೋಟದಲ್ಲಿ ಹಿಡಿದು ತೋರಿಸಿದಳು. ಕಲ್ಲು ಮುಳುಗಿಸಿದಳು. ಲೋಟ ತುಂಬಿ ಅವಳ ಪಾದದ ಮೇಲೆ ಚೆಲ್ಲಿತು.

ಅಜ್ಜಿ ಸೆಕ್ರೆಟರಿಯನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ.

"ಮಗುದಲ್ಲ ತಪ್ಪು. ನಂದು. ಹತ್ತೊಂಬತ್ತು ವರ್ಷದಿಂದ ನಂದೇ."

ಸೆಕ್ರೆಟರಿ ಅದಕ್ಕೂ ಏನೋ ನಿಯಮ ಹುಡುಕುತ್ತಿದ್ದರು. ಹತ್ತರವರ ಸೊಸೆ ಬಂದು ತನ್ನ ಬುತ್ತಿ ಗಂಟು ವಾಪಸ್ ತೆಗೆದುಕೊಂಡು, ಚಿಕ್ಕವಳನ್ನು ಎತ್ತಿಕೊಂಡಳು. ನನ್ನನ್ನು ಯಾರೂ ಎತ್ತಲಿಲ್ಲ. ನಾನೇ ಹತ್ತಿಕೊಂಡು ಬಂದೆ, ಮೊಣಕಾಲು ತರಚಿತು.

ಜೂನ್ 23, ಸೋಮವಾರ

ಕಲ್ಲು ಮೇಲೆತ್ತುವ ಕೆಲಸ ಶುರುವಾಗಿದೆ. ಹನ್ನೊಂದರವರೂ ಹಗ್ಗ ಎಳೆಯುತ್ತಿದ್ದಾರೆ, ಸೆಕ್ರೆಟರಿಯ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ನೋಡಿ ಸಂತೋಷವಾಯಿತು. ಐದು ಮೆಟ್ಟಿಲು ಕಾಣುತ್ತಿವೆ. ಬಂದ ಕಲ್ಲಲ್ಲಿ ಹತ್ತರವರ ಗೋಡೆ ಕಟ್ಟುತ್ತಾರಂತೆ, ಆಮೇಲೆ ನಮ್ಮದು. ಗೀಟು ಇದ್ದ ಚೂರು ಒಂದು ಸಿಕ್ಕಿತು. ಅದು ಎಷ್ಟನೇ ವರ್ಷದ್ದೋ ಗೊತ್ತಾಗಲಿಲ್ಲ. ತಂಗಿಯನ್ನು ನಿಲ್ಲಿಸಿ ಅವಳ ತಲೆಯ ಮಟ್ಟಕ್ಕೆ ಹಿಡಿದು ನೋಡಿದೆ, ಗೋಡೆ ಕಟ್ಟುವಾಗ ಅಲ್ಲೇ ಕೂರಿಸಿದರೆ ಅವಳ ಎತ್ತರಕ್ಕೆ ಸರಿಹೋಗುತ್ತದೆ.

ಅವಳು ಕನಸಿನಲ್ಲಿ ಒದೆಯುತ್ತಾಳೆ. ಹಾಸಿಗೆ ಸಾಲುತ್ತಿಲ್ಲ.

ಜೂನ್ 27, ಶುಕ್ರವಾರ

ಇಂದು ಚಿಕ್ಕಪ್ಪ ಮೆಟ್ಟಿಲಿನ ದಾರಿಯಿಂದ ಒಂದು ಚೀಲ ತಂದು ಅಜ್ಜಿಯ ಮುಂದೆ ಇಟ್ಟ. ಗೋಣಿ ಕಪ್ಪಾಗಿತ್ತು, ಹರಿದಿರಲಿಲ್ಲ. ಸೊಂಟಕ್ಕೆ ಸುತ್ತುವ ಹಗ್ಗ ಒಂದು ಕಡೆ ಚಾಕುವಿನಿಂದ ಕತ್ತರಿಸಿತ್ತು. ಗಂಟು ಹಾಗೇ ಇತ್ತು.

ಅಜ್ಜಿ ತಕ್ಕಡಿಯನ್ನು ಮೊನ್ನೆಯೇ ಕೊಕ್ಕೆಯಿಂದ ಇಳಿಸಿದ್ದಾಳೆ. ಆ ಖಾಲಿ ಕೊಕ್ಕೆಯ ಕೆಳಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಒಂದು ಪಕ್ಕ, ತಂಗಿ ಒಂದು ಪಕ್ಕ. ಅಜ್ಜಿ ಆ ಗಂಟನ್ನು ಬೆರಳಿನಿಂದ ತಡವುತ್ತಾ ಇದ್ದಳು. ಇದು ಹೇಗೆ ಬಿಗಿದುಕೊಂಡಿತೋ, ಬಿಚ್ಚಲು ಬಾರದೇ ಹೋಯಿತೋ ಏನೋ, ಅಂತ ಮೂರು ವರ್ಷದಿಂದ ಅಂದುಕೊಂಡಿದ್ದೇನೆ ಅಂದಳು. ಆಮೇಲೆ ಹಗ್ಗದ ಒಂದು ತುದಿ ಹಿಡಿದು ಮೆಲ್ಲಗೆ ಎಳೆದಳು.

ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಕಲ್ಲುಗಳು ನೆಲದ ಮೇಲೆ ಉರುಳಿದವು. ಚಿಕ್ಕಪ್ಪ ಎದ್ದು ಕಿಟಕಿಯ ಕಡೆ ಹೋದ. ಅಜ್ಜಿ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಾ ಕೂತಳು.

"ಸುಲಭಕ್ಕೆ ಬಿಚ್ಚೋ ಗಂಟೇ ಹಾಕಿದ್ದೆ. ಮತ್ಯಾಕೆ ಬಿಚ್ಚಲಿಲ್ಲ ಇವನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೆಳಗೆ ಹೋಗಿದ್ರಲ್ಲ ನೀವು. ಆ ನೀರು ಅವನ ವಿಷಯ ಏನಾದ್ರೂ ಹೇಳ್ತಾ?"

ನಾನು ಬಾಯಿಗೆ ಬಂದದ್ದನ್ನು ಬಂದ ಹಾಗೇ ಹೇಳುವವಳು. ಅದಕ್ಕೇ ಎಲ್ಲರ ಹತ್ತಿರ ಬೈಸಿಕೊಳ್ಳುವುದು.

ಇಲ್ಲ ಅಜ್ಜಿ, ಏನೂ ಹೇಳಲಿಲ್ಲ ಅಂದೆ.

ತಂಗಿ ನನ್ನನ್ನು ನೋಡಿದಳು. ಅವಳೂ ಕೇಳಿಸಿಕೊಂಡಿದ್ದಳಲ್ಲ. ಅಜ್ಜಿಯ ಬೆನ್ನ ಹಿಂದಿನಿಂದ ಕೈ ಚಾಚಿ ಅವಳ ಕೈ ಒತ್ತಿದೆ. ಅವಳು ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು ಸುಮ್ಮನಾದಳು.

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿಯ ಬಟ್ಟೆಯನ್ನು ಇನ್ನೂ ಬಿಗಿಯಾಗಿ ತುರುಕಿ ಬಂದೆ. ಆ ನೀರಿಗೆ ಬಾಯಿ ಜಾಸ್ತಿ.